ಅರ್ಧ ಮುಚ್ಚಳ

ಮೂರನೇ ಸಲ ಬೆರಳ ತುದಿಯನ್ನು ಹಾಲಿಗೆ ಅದ್ದಿ ತುಟಿಗೆ ಸವರಿದರೂ ನಾಯಿಮರಿ ನಾಲಗೆ ಚಾಚಲಿಲ್ಲ. ಹಾಲು ಅದರ ಬಾಯಿಯ ಸಂದಿಯಿಂದ ಜೊಲ್ಲಿನ ಜೊತೆ ಬೆರೆತು ಮುನಿರತ್ನಮ್ಮನ ಸೀರೆಯ ಮೇಲೆ ಇಳಿಯಿತು. ಹಿಂಗಾಲು ಎರಡೂ ಒಂದೇ ಸಮ ನಡುಗುತ್ತಿದ್ದವು. ಕಣ್ಣು ತೆರೆದೇ ಇತ್ತು, ಆದರೆ ಅದು ಯಾವುದನ್ನೂ ನೋಡುತ್ತಿರಲಿಲ್ಲ.

"ಜೀರ್ಗೇ... ಲೇ ಜೀರ್ಗೆ, ಇಲ್ ನೋಡೇ," ಎಂದು ಅವಳು ಅದರ ಗದ್ದ ಎತ್ತಿ ಹಿಡಿದಳು. ಕೈ ಬಿಟ್ಟೊಡನೆ ತಲೆ ಒದ್ದೆ ಬಟ್ಟೆಯ ಹಾಗೆ ಮೊಣಕಾಲ ಮೇಲೆ ಬಿತ್ತು.

ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ ಅತ್ತೆ ಅಮ್ಮಾಜಮ್ಮ ಕತ್ತು ಉದ್ದ ಮಾಡಿ ನೋಡಿದಳು.

"ಸೀತ ಆಗಿರ್ಬೇಕು ಕಣೇ. ಬೆಳಿಗ್ಗೆ ಅದೇನೋ ನೀರ್ ಆಕಿ ಉಜ್ತಿದ್ಯಲ್ಲ."

"ಊಂ ಅತ್ತೆ," ಎಂದಳು ಮುನಿರತ್ನಮ್ಮ.

ಶೀತವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಕೆಳಗೆ ಊರಿನ ಮುನಿಸ್ವಾಮಪ್ಪನ ಕರು ಹೀಗೇ ಜೊಲ್ಲು ಸುರಿಸಿ, ಹೀಗೇ ಕಾಲು ನಡುಗಿಸಿ, ಹೊತ್ತು ಮುಳುಗುವುದರೊಳಗೆ ಸತ್ತಿತ್ತು. ಉಣ್ಣೆ ಹುಳು ಹೋಗಲಿ ಎಂದು ಮೈಗೆ ಹಚ್ಚಿದ್ದ ಔಷಧಿಯನ್ನು ಅದು ನೆಕ್ಕಿಕೊಂಡಿತ್ತು.

ಇವತ್ತು ಬೆಳಿಗ್ಗೆ, ಮಗಳು ಅರ್ಚನ ಪರೀಕ್ಷೆಗೆ ಹೋದ ಮೇಲೆ, ಮುನಿರತ್ನಮ್ಮ ಮರಿಯ ಕಿವಿ ಮಡಚಿ ನೋಡಿದ್ದಳು. ಒಳಗೆ ಸಾಸಿವೆ ಕಾಳಿನ ಹಾಗೆ ಉಣ್ಣೆ ಹುಳುಗಳು ಸಾಲಾಗಿ ಕಚ್ಚಿಕೊಂಡಿದ್ದವು. ಕುತ್ತಿಗೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ಎಲ್ಲ ಕಡೆ. ಒಸಡು ಬಿಳಿಚಿಕೊಂಡಿತ್ತು. ಇಷ್ಟೇ ಇಷ್ಟು ಜೀವದಲ್ಲಿ ಇರುವ ರಕ್ತವೆಷ್ಟು, ಇವು ಕುಡಿಯುವುದೆಷ್ಟು ಎಂದು ಅವಳಿಗೆ ಹೊಟ್ಟೆ ಉರಿಯಿತು. ಕೈ ತಾನಾಗಿ ಕೊಟ್ಟಿಗೆಯ ತೊಲೆಯ ಸಂದಿಯಲ್ಲಿದ್ದ ಬಾಟಲಿಗೆ ಹೋಯಿತು. ಈ ಮನೆಗೆ ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಿಂದ ಉಣ್ಣೆ ಎಂದರೆ ಆ ಬಾಟಲಿಯೇ, ಬೇರೆ ಯೋಚನೆ ಬರಲಿಲ್ಲ. ಹಸುವಿಗಾದರೆ ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ. ಮರಿ ಚಿಕ್ಕದು ಎಂದು ಅವಳು ಔಷಧಿಯನ್ನು ಅರ್ಧ ಮುಚ್ಚಳಕ್ಕೆ ಇಳಿಸಿದಳು. ನೀರನ್ನೂ ಒಂದು ಚೊಂಬಿಗೆ ಇಳಿಸಿದಳು. ಎರಡನ್ನೂ ಇಳಿಸಿದ ಸಮಾಧಾನದಲ್ಲಿ, ಎಷ್ಟಕ್ಕೆ ಎಷ್ಟು, ಅದು ಹಸುವಿನದಕ್ಕಿಂತ ಗಟ್ಟಿಯಾಯಿತು ಎಂದು ಹೊಳೆಯಲೇ ಇಲ್ಲ.

ಔಷಧಿ ಹಚ್ಚಿದ ಮೇಲೆ ಹಸುಗಳನ್ನು ಗೂಟಕ್ಕೆ ಮೋಟಾಗಿ ಕಟ್ಟುವುದು ಪದ್ಧತಿ. ಮೈ ಒಣಗುವ ತನಕ ಅವು ಕತ್ತು ತಿರುಗಿಸಿ ನೆಕ್ಕಿಕೊಳ್ಳಬಾರದು. ಮರಿಯನ್ನೂ ಹಾಗೇ ಒಂದು ತುಂಡು ಹಗ್ಗದಿಂದ ಕಟ್ಟಿದಳು. ಅದು ಗೂಟದ ಸುತ್ತ ಸುತ್ತಿ ಸುತ್ತಿ, ಹಗ್ಗವೆಲ್ಲ ಮುಗಿದು, ಕುತ್ತಿಗೆಯನ್ನು ಗೂಟಕ್ಕೆ ಒತ್ತಿಕೊಂಡು ನಿಂತು ಅವಳನ್ನೇ ನೋಡಿತು. ಅವಳಿಗೆ ನೋಡಲಾಗಲಿಲ್ಲ. ಈ ಮನೆಯಲ್ಲಿ ಒಂದು ಜೀವವಾದರೂ ಕಟ್ಟಿಲ್ಲದೆ ಇರಲಿ ಅನ್ನಿಸಿತೋ ಏನೋ, ಬಿಚ್ಚಿಬಿಟ್ಟಳು. ಬಿಸಿಲಿನಲ್ಲಿ ಗೋಣಿಚೀಲದ ಮೇಲೆ ಅದು ಮೈ ನೆಕ್ಕಿಕೊಳ್ಳುತ್ತಾ ಬಿದ್ದುಕೊಂಡಿದ್ದನ್ನು ಬೆರಣಿ ತಟ್ಟುತ್ತಾ ಅವಳೇ ನೋಡಿದ್ದಳು. ನೋಡಿ ಮುದ್ದು ಬಂದಿತ್ತು.

ಮರಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗಂಡ ಸುಧಾಕರ್ ದಿನಾ ಬೆಳಿಗ್ಗೆ ಐದರ ರೈಲಿಗೆ ಬಂಗಾರಪೇಟೆಯಲ್ಲಿ ಹತ್ತಿ ಬೆಂಗಳೂರಿನ ಅಂಚಿನ ಒಂದು ಕಾರ್ಖಾನೆಗೆ ಹೋಗುವವನು. ಅದೇ ರೈಲಿನಲ್ಲಿ, ಅದೇ ಕಾರ್ಖಾನೆಗೆ ಹೋಗುವ ಸೆಲ್ವರಾಜ್ ಚಾಂಪಿಯನ್ ರೀಫ್ಸಿನವನು. ಅವನ ಮನೆಯ ನಾಯಿ ಮರಿ ಹಾಕಿದೆ ಎಂದು ಒಂದು ಭಾನುವಾರ ಅಪ್ಪ, ಮಗಳು ಇಬ್ಬರೂ ಸ್ಕೂಟರಿನಲ್ಲಿ ಹೋಗಿ ಬಂದರು. ಮುನಿರತ್ನಮ್ಮ ಹೋಗಲಿಲ್ಲ. ಚಾಂಪಿಯನ್ ರೀಫ್ಸ್ ಏನು ಮಹಾ ದೂರವಲ್ಲ, ಕೊಟ್ಟಿಗೆಯ ಹಿಂದೆ ನಿಂತರೆ ಅಲ್ಲಿನ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದು ಬೆನ್ನು ಕಾಣುತ್ತದೆ. ಆದರೆ ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಾಲು ಕರೆಯಬೇಕು. ನಡುವೆ ಹುಲ್ಲು, ಸಗಣಿ, ನೀರು, ಮತ್ತೆ ಹುಲ್ಲು. ತವರಿನಲ್ಲಿ ಸ್ವಂತ ತಮ್ಮನ ಮದುವೆಗೂ ಅವಳು ಧಾರೆ ಮುಗಿದೊಡನೆ, ಊಟಕ್ಕೆ ಕೂರದೆ ಬಸ್ಸು ಹತ್ತಿದ್ದಳು. ಬಸ್ಸಿನಲ್ಲಿ ಅಕ್ಕಪಕ್ಕದವರು ಅವಳ ರೇಷ್ಮೆ ಸೀರೆ ನೋಡಿ, "ಮದ್ವೆಗ್ ಓಗ್ತಿದೀರಾ?" ಎಂದು ಕೇಳಿದ್ದರು.

ಅವತ್ತು ಅರ್ಚನ ಸ್ಕೂಲ್ ಬ್ಯಾಗಿನಿಂದ ಮರಿಯನ್ನು ತೆಗೆದು ಅಂಗಳದಲ್ಲಿ ಬಿಟ್ಟಾಗ ಅದಕ್ಕೆ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ.

"ಆರ್ ಮರಿ ಇತ್ತಮ್ಮ. ಮಿಕ್ಕಿದ್ದನ್ನೆಲ್ಲ ಯಾರ್ಯಾರೋ ತಗೊಂಡೋದ್ರಂತೆ. ಇದು ಹೆಣ್ಣು, ಅದೂ ಬಡಕಲು ಅಂತ ಯಾರಿಗೂ ಬೇಡವಂತೆ."

"ಇದೇನೇ ಇದು, ಒಳ್ಳೆ ಜೀರ್ಗೆ ಕಾಳಂಗೈತೆ!" ಎಂದು ಅಮ್ಮಾಜಮ್ಮ ನಕ್ಕಳು. "ನಾಯಿ ತರಾಕ್ ಓದೋರು ಇಲಿ ತಂದವ್ರೆ."

ಹೆಸರು ಅಲ್ಲೇ ಅಂಟಿಕೊಂಡಿತು. ಮುನಿರತ್ನಮ್ಮನಿಗೆ ಮಾತ್ರ ನಗು ಬರಲಿಲ್ಲ.

"ನಾಕ್ ಅಸ, ಒಂದ್ ಮುದ್ಕಿ, ನೀವಿಬ್ರು. ಸಾಲ್ದು ಅಂತ ಇದೊಂದು. ಇದ್ರ ಏಲು ಉಚ್ಚೆ ಬಳಿಯೋಳ್ ಯಾರು?"

"ಮುದ್ಕಿ ಇಲ್ಲೇ ಕುಂತವ್ಳೆ ಕಣಮ್ಮ, ಒಸಿ ಮೆಲ್ಲಗ್ ಮಾತಾಡು," ಎಂದಳು ಅಮ್ಮಾಜಮ್ಮ.

"ನಾಳೇನೇ ರೈಲ್ ಅಳಿ ಹತ್ರ ಬಿಟ್ ಬತ್ತೀನಿ, ನೋಡ್ತಿರಿ."

ಅರ್ಚನ ಮರಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಹದಿಮೂರು ವರ್ಷದ ಹುಡುಗಿ. ಅವಳ ಮೂಗಿನ ಹೊಳ್ಳೆ ಅರಳಿತ್ತು. "ನಂಗೊತ್ತು. ನೀನೇ ಸಾಯಿಸ್ತೀಯ ಇದನ್ನ," ಎಂದಳು.

ರೈಲು ಹಳಿಯ ಹತ್ತಿರ ಬಿಡುವ ಅಗತ್ಯವೇ ಬೀಳದ ಹಾಗೆ ಮರುದಿನವೇ ಮರಿಗೆ ಭೇದಿ ಹಿಡಿಯಿತು. ನೀರು ನೀರು, ಅದರಲ್ಲಿ ರಕ್ತ. ಮಗಳು ಶಾಲೆಗೆ ಹೋದಳು, ಗಂಡ ರೈಲಿಗೆ ಹೋದ. ಉಳಿದವಳು ಇವಳೊಬ್ಬಳೇ. ಬೈಯುತ್ತಲೇ ಬಳಿದಳು, ಬೈಯುತ್ತಲೇ ಹಳೆಯ ಪಂಚೆಯಲ್ಲಿ ಸುತ್ತಿದಳು. ಸೆಲ್ವರಾಜನ ತಾಯಿ ಮಾರಿಯಮ್ಮ ಫೋನಿನಲ್ಲಿ, "ಪಾಲು ವೇಂಡಾಮ್ಮಾ, ಆಲು ಬೇಡ, ಅರಿಸಿ ಕಂಜಿ ಕೊಡು. ಉಪ್ಪು ಸಕ್ಕರೆ ಆಕಿ ಸ್ವಲ್ಪ ಸ್ವಲ್ಪ ಕುಡಿಸು ಮಾ, ಎಣ್ಣ್ ಕೂಸು ಗಟ್ಟಿ, ಸಾಯಲ್ಲ," ಎಂದು ಧೈರ್ಯ ಹೇಳಿದಳು. ಎರಡು ಗಂಟೆಗೊಮ್ಮೆ ಹುಲ್ಲಿನ ಹೊರೆ ಇಳಿಸಿ, ಕೈ ತೊಳೆದು, ಅನ್ನದ ಗಂಜಿಯನ್ನು ಹನಿ ಹನಿಯಾಗಿ ಬಾಯಿಗೆ ಬಿಟ್ಟಳು. ಹುಳದ ಮಾತ್ರೆ ನುಂಗಿಸಿದಳು. ಒಂಬತ್ತು ದಿನ.

ಹತ್ತನೇ ದಿನ ಬೆಳಿಗ್ಗೆ ಅವಳು ಹಾಲು ಕರೆಯುತ್ತಾ ಕೂತಿದ್ದಾಗ ಮರಿ ತೂರಾಡುತ್ತಾ ಅಂಗಳ ದಾಟಿ ಬಂತು. ಬಂದು, ಜಾಗ ಹುಡುಕಿದ ಹಾಗೆ ಒಂದು ಸುತ್ತು ತಿರುಗಿ, ಅವಳ ಎಡಗಾಲಿನ ಪಾದದ ಮೇಲೆ ಕೂತಿತು. ಆ ಹೊತ್ತಿನಲ್ಲಿ ಆ ಕೊಟ್ಟಿಗೆಗೆ, ಏನೂ ಕೆಲಸವಿಲ್ಲದೆ, ಬರೀ ಅವಳಿಗಾಗಿ ಒಬ್ಬರು ಬಂದದ್ದು ಅದೇ ಮೊದಲು. ಅವಳು ಕಾಲು ಕದಲಿಸದೆ ನಾಲ್ಕು ಮೊಲೆಯನ್ನೂ ಕರೆದು ಮುಗಿಸಿದಳು. ಪಾದ ಜೋಮು ಹಿಡಿದಿತ್ತು.

ಅಂಥ ಮರಿ ಈಗ ಅವಳ ತೊಡೆಯ ಮೇಲೆ ಸೆಟೆದುಕೊಳ್ಳುತ್ತಿತ್ತು.

ಪರೀಕ್ಷೆ ಮುಗಿಸಿ ಬಂದ ಅರ್ಚನ ಚಪ್ಪಲಿ ಬಿಡುವ ಮೊದಲೇ ನೋಡಿದಳು. "ಏನಾಯ್ತಮ್ಮ? ಬೆಳಿಗ್ಗೆ ಚೆನ್ನಾಗಿತ್ತಲ್ಲ?"

"ಗೊತ್ತಿಲ್ಲ ಕಣೇ," ಎಂದಳು ಮುನಿರತ್ನಮ್ಮ. ಬಾಯಿಗೆ ಬಂದ ಮೊದಲ ಮಾತು ಅದು. 'ನೀನೇ ಸಾಯಿಸ್ತೀಯ ಇದನ್ನ' ಎಂದು ಇದೇ ಹುಡುಗಿ ಅಂದದ್ದು ನೆನಪಿತ್ತು. "ಬಾ, ಬಂಗಾರ್‌ಪೇಟೆ ದನದಾಸ್ಪತ್ರೆಗೆ ಓಗಿ ಬರಾನ. ಅಲ್ಲಿ ನಾಯೀನೂ ನೋಡ್ತಾರೆ."

"ದನ?" ಎಂದು ಅಮ್ಮಾಜಮ್ಮ ಜಗಲಿಯಿಂದಲೇ ಕೇಳಿದಳು.

"ಐದರೊಳಗ್ ಬಂದ್‌ಬಿಡ್ತೀನಿ ಅತ್ತೆ."

ಊರಿನ ವೆಂಕಿಯ ಆಟೋದಲ್ಲಿ ಆಗಲೇ ಐದು ಜನರಿದ್ದರು. ಮರಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದು ಹತ್ತಿದ ಅವಳಿಗೆ ಒಬ್ಬ ಮುದುಕಿ ಅಯ್ಯೋ ಪಾಪ ಎಂದು ಜಾಗ ಬಿಟ್ಟಳು. "ಎಷ್ಟ್ ದಿನದ ಕೂಸಮ್ಮ? ಗಾಳಿ ತಾಕಿಸ್ಬೇಡ, ಸೆರಗ್ ಮುಚ್ಚು." ಟವೆಲಿನಿಂದ ಕಪ್ಪು ಮೂತಿ ಹೊರಬಂದಾಗ ಮುದುಕಿ ಕಾಲು ಎಳೆದುಕೊಂಡು, "ಥೂ, ನಿನ್ ಮನೆ ಕಾಯ್ವಾಗ! ನಾಯ್ಗೆ ಸೀಟು ಬಿಟ್ನಲ್ಲಪ್ಪ," ಎಂದಳು. ಆಟೋದಲ್ಲಿದ್ದವರೆಲ್ಲ ನಕ್ಕರು. "ನಾಯಿಗೆ ಟಿಕೆಟ್ ಇಲ್ಲ, ನಿನಗೈತೆ ಅಜ್ಜಿ," ಎಂದು ವೆಂಕಿ ಮುಂದಿನಿಂದ ಕೂಗಿದ.

ಅರ್ಚನ ನಗಲಿಲ್ಲ. ಬಗ್ಗಿ ಮರಿಯ ತಲೆಗೆ ಮುತ್ತು ಕೊಟ್ಟಳು. ಆಮೇಲೆ ನೆಟ್ಟಗೆ ಕೂತು, ಆಸ್ಪತ್ರೆ ಬರುವ ತನಕ ರಸ್ತೆಯನ್ನೇ ನೋಡಿದಳು.

ಆಸ್ಪತ್ರೆಯಲ್ಲಿ ಫಿನಾಯಿಲು, ಸಗಣಿ, ಔಷಧಿ ಎಲ್ಲದರ ವಾಸನೆಯೂ ಕಲಸಿಕೊಂಡಿತ್ತು. ಡಾಕ್ಟರ್ ಶ್ರೀಧರ್ ಚಿಕ್ಕ ವಯಸ್ಸಿನವರು, ಒಂದು ಮೇಕೆಯ ಗೊರಸು ಕುಯ್ಯುತ್ತಿದ್ದವರು ಅದನ್ನು ಬಿಟ್ಟು ಬಂದರು. ತಗಡಿನ ಮೇಜಿನ ಮೇಲೆ ಮರಿಯನ್ನು ಮಲಗಿಸಿ ಕಣ್ಣಿನ ರೆಪ್ಪೆ ಬಿಡಿಸಿದರು, ಒಸಡು ನೋಡಿದರು.

"ಎಷ್ಟು ತಿಂಗಳು?"

"ಎರಡೂವರೆ ಸಾರ್."

"ವ್ಯಾಕ್ಸಿನ್ ಹಾಕ್ಸಿದೀರಾ?"

"ಇಲ್ಲ ಸಾರ್. ಬಂದೇಟ್ಗೇ ಬೇದಿ ಆಯ್ತು. ಒಸಿ ಸುದಾರಿಸ್ಕಳ್ಳಿ ಆಮ್ಯಾಕೆ ಆಕ್ಸಾನ ಅಂತ..."

"ಇವತ್ತು ಏನಾದ್ರೂ ಬಾಯಿಗೆ ಹೋಗಿತ್ತಾ? ಇಲಿ ಪಾಷಾಣ, ತೋಟದ ಔಷಧಿ? ಮೈಗೆ ಏನಾದ್ರೂ ಹಚ್ಚಿದ್ರಾ?"

ಮೇಕೆಯವನು ನೋಡುತ್ತಿದ್ದ. ಬಕೆಟ್ ಹಿಡಿದಿದ್ದ ಆಸ್ಪತ್ರೆಯ ವೆಂಕಟೇಶಪ್ಪ ನೋಡುತ್ತಿದ್ದ. ಅವರಿಬ್ಬರ ನಡುವೆ ಅರ್ಚನ ನಿಂತಿದ್ದಳು, ಸಮವಸ್ತ್ರದ ಮೇಲೆ ಮರಿಯ ಜೊಲ್ಲು ಹತ್ತಿಸಿಕೊಂಡು. ಅವಳ ಕಣ್ಣು ತಾಯಿಯ ಬಾಯಿಯ ಮೇಲೆಯೇ ಇತ್ತು.

"ಇಲ್ಲ ಸಾರ್," ಎಂದಳು ಮುನಿರತ್ನಮ್ಮ.

ಡಾಕ್ಟರು ತಲೆ ಆಡಿಸಿದರು. "ಭೇದಿ ಆಗಿತ್ತು ಅಂತೀರಿ, ಈಗ ಫಿಟ್ಸು, ವ್ಯಾಕ್ಸಿನ್ ಬೇರೆ ಇಲ್ಲ. ಡಿಸ್ಟೆಂಪರ್ ಇರಬೇಕು. ನಡುಕ ನಿಲ್ಲೋಕೆ ಇಂಜೆಕ್ಷನ್ ಕೊಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ. ಅಂಟು ರೋಗ, ಒಳಗೆ ಬೇರೆ ನಾಯಿಗಳು ಬರ್ತವೆ. ಹೊರಗೆ ಮರದ ಕೆಳಗೆ ಕೂತಿರಿ."

ಹೊಂಗೆ ಮರದ ಸುತ್ತ ಸಿಮೆಂಟ್ ಕಟ್ಟೆಯಿತ್ತು. ತಾಯಿ, ಮಗಳು ಮರಿಯನ್ನು ನಡುವೆ ಮಲಗಿಸಿಕೊಂಡು ಕೂತರು. ಇಂಜೆಕ್ಷನ್ನಿಗೆ ನಡುಕ ಕಡಿಮೆಯಾಗಿ ಮರಿ ಬಾಯಿ ತೆರೆದು ಉಸಿರಾಡುತ್ತಿತ್ತು. ಪಕ್ಕೆ ಏಳುವುದೂ ಬೀಳುವುದೂ ಅಕ್ಕಸಾಲಿಯ ತಿದಿಯ ಹಾಗೆ ಅವಸರ ಅವಸರ.

"ಆ ಕಾಯ್ಲೆ ಬಂದ್ರೆ ಸತ್ತೋಗ್ತವಾ ಅಮ್ಮಾ?"

"ಏನೋಮ್ಮ."

"ಎಲ್ಲಾನೂ?"

ಮುನಿರತ್ನಮ್ಮ ಗಂಡನಿಗೆ ಫೋನ್ ಮಾಡಿದಳು. ಕಾರ್ಖಾನೆಯಲ್ಲಿ ಒಳಗೆ ಹೋಗುವಾಗಲೇ ಫೋನು ಕಿತ್ತಿಟ್ಟುಕೊಳ್ಳುತ್ತಾರೆ ಎಂಬುದು ಗೊತ್ತಿದ್ದೂ ಮಾಡಿದಳು. ಎತ್ತಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಹೇಳಿದರೆ, ಮಗಳು ಅವತ್ತು ಅಂಗಳದಲ್ಲಿ ಅಂದ ಮಾತು ನಿಜವಾಗುತ್ತದೆ. ನಾಳೆಯಿಂದ ಅನ್ನ ಬಡಿಸುವಾಗ, ಜಡೆ ಹಾಕುವಾಗ, ಆ ಹುಡುಗಿ ಈ ಕೈಯನ್ನೇ ನೋಡುತ್ತದೆ. ಹೇಳದಿದ್ದರೆ, ಡಿಸ್ಟೆಂಪರ್ ಎಂಬ ರೋಗ ಬಂದು ಒಂದು ನಾಯಿಮರಿ ಸತ್ತಿತು ಎಂದಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಅತ್ತು, ಹುಣಸೆ ಮರದ ಕೆಳಗೆ ಮಣ್ಣು ಮಾಡಿ, ಮರೆಯುತ್ತಾರೆ. ಒಂದೇ ಒಂದು ಮಾತು ನುಂಗಿದರೆ ಸಾಕಿತ್ತು, ಅವಳು ಅದನ್ನು ಆಗಲೇ ನುಂಗಿಯೂ ಆಗಿತ್ತು. ಆದರೆ ಆ ಪಕ್ಕೆ ಹೀಗೆ ಕಣ್ಣೆದುರಿಗೇ ಏಳುತ್ತಾ ಬೀಳುತ್ತಾ ಇತ್ತಲ್ಲ.

ಫೋನು ಹೊಡೆದುಕೊಂಡಿತು. ಅಮ್ಮಾಜಮ್ಮ.

"ಲೇ ರತ್ನಿ, ಎಲ್ ಓಗಿ ಸತ್ಯೇ? ಗಂಟೆ ನಾಕಾಯ್ತು. ಮೇವು ಆಕ್ದೋರಿಲ್ಲ, ನೀರ್ ಕುಡ್ಸಿದೋರಿಲ್ಲ, ದನ ಬಡ್ಕೊಂತಾವೆ."

"ಬಂದೆ ಅತ್ತೆ."

"ನಾಯಿ?"

"ಐತೆ."

ಆ ಎರಡಕ್ಷರ ಹೇಳಿ ಫೋನ್ ಇಡುವುದರೊಳಗೆ ಮರಿಯ ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ನಾಲ್ಕೂ ಕಾಲು ಗಾಳಿಯಲ್ಲಿ ಓಡತೊಡಗಿದವು, ಎಲ್ಲಿಗೋ ತುಂಬ ದೂರ ಓಡುವ ಹಾಗೆ. ಅರ್ಚನ ಎರಡೂ ಕೈಯಿಂದ 'ಹಿಡಿ, ಹಿಡಿ' ಎಂಬಂತೆ ತಡವರಿಸಿ, ಏನು ಹಿಡಿಯಬೇಕೋ ತಿಳಿಯದೆ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು.

ಮುನಿರತ್ನಮ್ಮ ಟವೆಲಿನ ಸಮೇತ ಮರಿಯನ್ನು ಬಾಚಿಕೊಂಡು ಒಳಗೆ ನುಗ್ಗಿದಳು.

"ಸಾರ್, ಉಣ್ಣೆ ಔಷದಿ ಅಚ್ಚಿದ್ದೆ ಸಾರ್. ಅಸುಗೆ ಅಚ್ತಾರಲ್ಲ, ಅದು. ಅರ್ದ ಮುಚ್ಚಳ, ಒಂದ್ ಚೊಂಬು ನೀರ್ಗೆ. ಕಟ್ಟಾಕಿದ್ದೆ, ಪಾಪ ಅಂತ ನಾನೇ ಬಿಚ್ಬಿಟ್ಟೆ. ನೆಕ್ಕಂತು. ಅಂಟು ರೋಗ ಗಿಂಟು ರೋಗ ಏನೂ ಇಲ್ಲ ಸಾರ್ ಇದುಕ್ಕೆ. ನಾನೇ ಮಾಡಿದ್ದು."

ಡಾಕ್ಟರು ಟೀ ಲೋಟ ಕೆಳಗಿಟ್ಟರು. "ಆಗ್ಲೇ ಕೇಳಿದ್ನಲ್ಲಮ್ಮ ನಾನು!"

ಅವಳು ತಲೆ ತಗ್ಗಿಸಿದಳು.

"ಒಂದು ಗಂಟೆ ಹೋಯ್ತು ಸುಮ್ನೆ. ಮೈ ಮೇಲೆ ಇರೋವರೆಗೂ ಅದು ಚರ್ಮದೊಳಗೆ ಇಳೀತಾನೇ ಇರುತ್ತೆ. ವೆಂಕಟೇಶಪ್ಪಾ, ಉಗುರು ಬೆಚ್ಚಗೆ ನೀರು ಮಾಡು. ಸೋಪು ಕೊಡು. ಮೊದ್ಲು ಇನ್ನೊಂದು ಇಂಜೆಕ್ಷನ್, ಆಮೇಲೆ ತೊಳೀರಿ. ಒಂದ್ಸಲ ಅಲ್ಲ, ಮೂರ್ಸಲ."

ಹಿಂದಿನ ನಲ್ಲಿಯ ಹತ್ತಿರ ವೆಂಕಟೇಶಪ್ಪ ಬಕೆಟ್ ತಂದಿಟ್ಟ. ಸೋಪಿನ ತುಂಡು ಅವಳ ಕೈಗೆ ಹಾಕುತ್ತಾ, "ನೀವೊಬ್ರೇ ಅಲ್ಲ ಬಿಡಮ್ಮ. ತಿಂಗ್ಳಿಗೊಂದು ಬತ್ತದೆ ಇಂಗೇ. ಅಸ ಇರೋ ಮನೇಗ್ ಓದ್ ನಾಯ್ಗಳ್ ಅಣೇಬರಾನೇ ಇಷ್ಟು," ಎಂದ. ಸಮಾಧಾನಕ್ಕೆ ಹೇಳಿದ್ದು. ಹೇಳಿ ಒಳಗೆ ಹೋದ.

ಆಮೇಲೆ ಉಳಿದವರು ತಾಯಿ, ಮಗಳು ಇಬ್ಬರೇ. ಮುನಿರತ್ನಮ್ಮ ಕುಕ್ಕರುಗಾಲಲ್ಲಿ ಕೂತು ಒಂದು ಕೈಯಲ್ಲಿ ಮರಿಯ ತಲೆ ಎತ್ತಿ ಹಿಡಿದು ಇನ್ನೊಂದರಲ್ಲಿ ಉಜ್ಜಿದಳು. ಅರ್ಚನ ಮಗ್ಗಿನಿಂದ ನೀರು ಹುಯ್ದಳು. ನೊರೆಯ ಕೆಳಗೆ ಮರಿ ಇನ್ನೂ ಚಿಕ್ಕದಾಗಿ ಕಂಡಿತು. ಬೆನ್ನು ಮೂಳೆ ಮಣಿ ಮಣಿಯಾಗಿ ಕೈಗೆ ಸಿಗುತ್ತಿತ್ತು. ಬಿಸಿ ನೀರು ಬಿದ್ದೊಡನೆ ಔಷಧಿಯ ಆ ಘಾಟು, ಸೀಮೆಎಣ್ಣೆಗೂ ಕೊಳೆತ ಹಣ್ಣಿಗೂ ನಡುವಿನ ವಾಸನೆ, ಮುಖಕ್ಕೆ ಹೊಡೆಯಿತು. ಕೊಟ್ಟಿಗೆ ಇರುವ ಮನೆಯ ಮಕ್ಕಳಿಗೆ ಆ ವಾಸನೆ ಹುಟ್ಟಿದಾಗಿನಿಂದ ಗೊತ್ತು.

ಎರಡನೇ ಸಲ ಸೋಪು ಹಾಕುವಾಗ ಅರ್ಚನ, ನೀರು ಹುಯ್ಯುವುದನ್ನು ನಿಲ್ಲಿಸದೆ, ಮೆಲ್ಲಗೆ ಹೇಳಿದಳು.

"ನಂಗೆ ಆಟೋದಲ್ಲೇ ವಾಸನೆ ಬಂತು."

ಮುನಿರತ್ನಮ್ಮನ ಕೈ ನಿಂತಿತು.

"ಮುತ್ತು ಕೊಟ್ನಲ್ಲ, ಅವಾಗ."

"ಮತ್ತೆ ಡಾಕ್ಟ್ರು ಕೇಳ್ದಾಗ ಯಾಕೇ ಏಳ್ಲಿಲ್ಲ?"

"ನೀನು ಇಲ್ಲ ಅಂದ್ಯಲ್ಲಮ್ಮ. ಎಲ್ಲರ ಮುಂದೆ." ಮಗ್ಗಿನ ನೀರು ಖಾಲಿಯಾಯಿತು. ಹುಡುಗಿ ಬಗ್ಗಿ ಮತ್ತೆ ತುಂಬಿಕೊಂಡಳು. "ನಾನು ಹೇಳಿದ್ರೆ ನಿನಗೆ ಅವಮಾನ ಆಗ್ತಿತ್ತು."

ಹೇಳಬೇಕಾದ ಮಾತು ಬೇಕಾದಷ್ಟಿದ್ದವು. ಬೇಕೂಂತ ಮಾಡ್ಲಿಲ್ಲ ಕಣೇ ಎನ್ನಬಹುದಿತ್ತು. ಹದಿಮೂರು ವರ್ಷಕ್ಕೇ ಈ ಹುಡುಗಿ ಬಾಯಿ ಕಟ್ಟಿಕೊಂಡು ಕೂರುವುದನ್ನು ಎಲ್ಲಿ ಕಲಿತಳು, ಯಾರನ್ನು ನೋಡಿ ಕಲಿತಳು ಎಂದು ಕೇಳಬಹುದಿತ್ತು. ಆದರೆ ಅದಕ್ಕೆ ಉತ್ತರ ಅವಳಿಗೇ ಗೊತ್ತಿತ್ತು. "ಕಿವಿ ಒಳಕ್ ನೀರ್ ಬಿಡ್ಬೇಡ," ಎಂದಷ್ಟೇ ಹೇಳಿದಳು. ಮೂರನೇ ಸಲ ತೊಳೆಯುವಾಗ ನೊರೆ ಬೆಳ್ಳಗೆ ಬಂತು.

ಮುಂಗಾಲಿಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಬಾಟಲಿ ಅರ್ಧ ಇಳಿದಾಗ ಆಸ್ಪತ್ರೆಯ ಬಾಗಿಲು ಹಾಕುವ ಹೊತ್ತು ದಾಟಿತ್ತು. ಡಾಕ್ಟರು ಹೆಲ್ಮೆಟ್ ಕೈಯಲ್ಲಿ ಹಿಡಿದು ಇನ್ನೊಮ್ಮೆ ನೋಡಿದರು.

"ಹಾರ್ಟು ಪರವಾಗಿಲ್ಲ. ಬೆಳಗಾಗೋವರೆಗೂ ಇದ್ರೆ ಉಳ್ಕೊಳ್ಳುತ್ತೆ. ಮೈ ತಣ್ಣಗಾಗೋಕೆ ಬಿಡ್ಬೇಡಿ. ನೆಲದ ಮೇಲೆ ಗಿಲದ ಮೇಲೆ ಮಲಗಿಸ್ಬೇಡಿ, ಎದೆಗೆ ಒತ್ತಿ ಇಟ್ಕೊಂಡಿರಿ. ಮತ್ತೆ ಫಿಟ್ಸ್ ಬಂದ್ರೆ ಫೋನ್ ಮಾಡಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಹೇಳಿದ್ದು ಒಳ್ಳೇದಾಯ್ತಮ್ಮ."

ಹಿಂದಿರುಗುವಾಗ ಆಟೋ ಸಿಗುವುದು ತಡವಾಯಿತು. ರೈಲ್ವೆ ಗೇಟು ಹಾಕಿತ್ತು. ಊರಿನ ತಿರುವಿನಲ್ಲಿ ಇಳಿದಾಗ ಆರು ಗಂಟೆ. ಇಳಿಯುವ ಮೊದಲೇ ಮುನಿರತ್ನಮ್ಮನಿಗೆ ತನ್ನ ಹಸುಗಳ ಕೂಗು ಕೇಳಿತು. ಹದಿನಾಲ್ಕು ವರ್ಷದಲ್ಲಿ ಅವು ಹಾಗೆ ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಅವು ಕೂಗುವ ಹೊತ್ತಿಗೆ ಅವಳು ಯಾವತ್ತೂ ಅಲ್ಲೇ ಇರುತ್ತಿದ್ದಳು.

ಅಮ್ಮಾಜಮ್ಮ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಬಂದ್ಯಾ ಮಾತಾಯಿ! ನನ್ ಕೈಲ್ ಎಲ್ಲಿ ಆಯ್ತದೆ ಕರ್ಯೋಕೆ, ಈ ಸೊಟ್ಟ ಬೆರಳ್ ಇಟ್ಕೊಂಡು? ಡೇರಿಯೋನು ಅರ್ದ ಗಂಟೆಗ್ ಬೀಗ ಆಕ್ತಾನೆ. ಅವನ್ನ ಮಾತಾಡಿಸ್ತಾ ನಿಲ್ಸ್ಕೊಂಡಿರ್ತೀನಿ, ಬೇಗ ಕರ್ದು ತಗೊಂಡ್ ಬನ್ನಿ." ಟವೆಲಿನ ಸಂದಿಯಲ್ಲಿ ಮರಿಯನ್ನು ಒಂದು ಕ್ಷಣ ಇಣುಕಿ ನೋಡಿ, "ಇನ್ನೂ ಐತಲ್ಲೇ! ಬಲೇ ಜೀರ್ಗೆ," ಎಂದು ಕೋಲು ಕುಟ್ಟುತ್ತಾ ಡೇರಿಯ ಕಡೆಗೆ ಹೊರಟೇಬಿಟ್ಟಳು.

ಕೊಟ್ಟಿಗೆಯಲ್ಲಿ ಮೂರೂ ಕರೆಯುವ ಹಸುಗಳು ಕಾಲು ಬದಲಾಯಿಸುತ್ತಾ ನಿಂತಿದ್ದವು. ಕೆಚ್ಚಲು ಬಿಗಿದು, ಮೊಲೆಯ ತುದಿಯಿಂದ ಹಾಲು ತಾನಾಗಿಯೇ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮುನಿರತ್ನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಎದೆಗೆ ಒತ್ತಿಕೊಂಡಿದ್ದ ಮರಿಯನ್ನು ಮಗಳ ಕಡೆಗೆ ಚಾಚಿದಳು.

"ಇಡ್ಕೊ. ಬೆಚ್ಚಗ್ ಇಡ್ಕೊ."

ಎದೆ ಬಿಟ್ಟೊಡನೆ ಮರಿಯ ಹಿಂಗಾಲು ನಡುಗಿತು. ಅರ್ಚನ ಕೈ ಚಾಚಲಿಲ್ಲ. ನಡುಗುವ ಕಾಲನ್ನು ನೋಡಿದಳು, ತಾಯಿಯ ಮುಖ ನೋಡಿದಳು.

"ನೀನೇ ಇಟ್ಕೊಮ್ಮ," ಎಂದಳು. "ನಿನ್ ಹತ್ರ ಇದ್ರೆ ನಡುಗಲ್ಲ ಅದು."

ಅಷ್ಟು ಹೇಳಿ, ಗೋಡೆಗೆ ಬೋರಲು ಹಾಕಿದ್ದ ಹಾಲಿನ ಬಕೆಟ್ ಎತ್ತಿಕೊಂಡಳು.

"ಲೇ! ಮಡಗು ಅದ್ನ ಅಲ್ಲಿ."

"ನಂಗೆ ಬರುತ್ತಮ್ಮ."

"ಯಾರೇ ಕಲ್ಸಿದ್ದು ನಿಂಗೆ?"

"ಯಾರು ಕಲಿಸ್ಬೇಕು? ದಿನಾ ನೋಡಲ್ವಾ." ಹುಡುಗಿ ಸಮವಸ್ತ್ರದ ಲಂಗವನ್ನು ಮೊಣಕಾಲ ನಡುವೆ ಸಿಕ್ಕಿಸಿ ಆಗಲೇ ಮೊದಲನೇ ಹಸುವಿನ ಪಕ್ಕ ಕೂತಿದ್ದಳು. "ಇವತ್ತೊಂದಿನ ಅಷ್ಟೇ ಅಲ್ವಾ."

ಮಗಳು ಸಗಣಿ ಬಾಚಿದರೂ, ಹುಲ್ಲು ಹಾಕಿದರೂ ಮುನಿರತ್ನಮ್ಮ ಸುಮ್ಮನಿರುತ್ತಿದ್ದಳು. ಕೆಚ್ಚಲಿಗೆ ಮಾತ್ರ ಕೈ ಹಾಕಲು ಬಿಟ್ಟಿರಲಿಲ್ಲ. ತವರಿನಲ್ಲಿ ತನ್ನ ಅಮ್ಮ ಜ್ವರ ಬಂದು ಮಲಗಿದ್ದ ದಿನ ಒಂಬತ್ತು ವರ್ಷದ ಮುನಿರತ್ನಮ್ಮನೂ ಅವತ್ತೊಂದು ದಿನಕ್ಕೆಂದೇ ಹಸುವಿನ ಕೆಳಗೆ ಕೂತಿದ್ದಳು.

ಏಳು ಮೇಲಕ್ಕೆ ಎಂದು ಗದರಲು ಬಾಯಿ ತೆರೆದಳು. ಎರಡು ಹೆಜ್ಜೆ ಇಟ್ಟು ಆ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಬೇಕು, ಅಷ್ಟೇ. ಆದರೆ ಎರಡೂ ಕೈ ಮರಿಯ ಸುತ್ತ ಇದ್ದವು. ಅಂಗೈ ಕೆಳಗೆ ಅದರ ಎದೆ ಟಕಟಕ ಎನ್ನುತ್ತಿತ್ತು. ಒಂದು ಕೈ ತೆಗೆದರೂ ಆ ಬಿಸಿ ಕಳೆದುಹೋಗುತ್ತದೆ. ಅವಳು ಮೆಲ್ಲಗೆ ಮೇವಿನ ಕಟ್ಟಿನ ಮೇಲೆ ಕೂತಳು.

ಮೊದಲ ಧಾರೆ ಬಕೆಟ್ ತಪ್ಪಿ ನೆಲಕ್ಕೆ ಬಿತ್ತು. ಎರಡನೆಯದು ಅರ್ಚನಳ ಮೊಣಕಾಲಿಗೆ ಚಿಮ್ಮಿತು. ಹಸು ಹಿಂಗಾಲು ಎತ್ತಿ ಇಳಿಸಿತು.

"ಎಬ್ಬೆಟ್ಟು ಮಡಚ್ಬೇಡ ಕಣೇ," ಎಂದಳು ಮುನಿರತ್ನಮ್ಮ. ತನ್ನ ದನಿ ತನಗೇ ಬೇರೆಯವರದ್ದು ಅನ್ನಿಸಿತು. "ನೋವಾಯ್ತದೆ ಅದುಕ್ಕೆ. ಮೇಲಿಂದ ಒಂದೊಂದೇ ಬೆರಳು ಬಿಗಿ ಮಾಡ್ಕಂಡ್ ಬಾ."

"ಇಂಗಾ?"

"ಊಂ. ಅಂಗೇ."

ಧಾರೆ ನೆಟ್ಟಗಾಯಿತು. ಖಾಲಿ ಬಕೆಟ್ಟಿನ ತಳಕ್ಕೆ ಹಾಲು ಚುರ್ ಚುರ್ ಎಂದು ಬೀಳತೊಡಗಿತು, ಒಂದು, ಇನ್ನೊಂದು, ತಡೆದು ತಡೆದು, ಆಮೇಲೆ ತಡೆಯದೆ. ಹಸು ಉಸಿರು ಬಿಟ್ಟು ನಿಂತಿತು. ಅರ್ಚನ ಹಣೆಯನ್ನು ಅದರ ಪಕ್ಕೆಗೆ ಆನಿಸಿದಳು.

ಟವೆಲಿನೊಳಗೆ ಮರಿ ಕಣ್ಣು ತೆರೆಯಲಿಲ್ಲ. ಅದರ ಒಂದು ಕಿವಿ ಮಾತ್ರ, ಒದ್ದೆ ಇನ್ನೂ ಆರದ ಕಿವಿ, ಹಾಲಿನ ಸದ್ದಿನ ಕಡೆಗೆ ಮೆಲ್ಲಗೆ ತಿರುಗಿತು.